ಟಪಾಲಪ್ಪ ಓರಣ ಮಾಡಿದ್ದು

ಲಿಫ್ಟ್ ತಯಾರಿಸುವ ಆ ಕಂಪನಿಯಲ್ಲಿ ಅವನಿಗಿದ್ದ ಹೆಸರು ಟಪಾಲಪ್ಪ. ಹಾಗೆಂದು ಅವನು ಅಂಚೆಯವನೇನಲ್ಲ, ಜನ್ಮದಲ್ಲಿ ಒಬ್ಬರ ಮನೆಗೂ ಕಾಗದ ಮುಟ್ಟಿಸಿದವನಲ್ಲ. ಕಂಪನಿಯ ಹಳೆಯ ಇಮೇಲ್‌ಗಳನ್ನು ಕಾಯುವುದು ಅವನ ಕೆಲಸ. ಕೆಲಸ ಬಿಟ್ಟವರದು, ನಿವೃತ್ತರಾದವರದು, ಸತ್ತವರದು, ಮ್ಯಾನೇಜರ್ ಜೊತೆ ಜಗಳವಾಡಿ ಸಂಬಳವನ್ನೂ ಕೇಳದೆ ಹೋದವರದು, ಎಲ್ಲರ ಟಪಾಲೂ ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ, ಗುಂಯ್‌ಗುಡುವ ಸರ್ವರ್‌ಗಳ ಹೊಟ್ಟೆಯಲ್ಲಿತ್ತು. ಎಲ್ಲೋ ಒಂದು ಲಿಫ್ಟ್ ಎರಡು ಮಹಡಿಯ ನಡುವೆ ಸಿಕ್ಕಿಬಿದ್ದು ಒಳಗಿದ್ದವರು ಬಾಯಿ ಬಡಿದುಕೊಂಡರೆ, ಮರುದಿನ ತನಿಖೆಯವರು ಬಂದು, ಹಗ್ಗ ಸವೆದಿದೆಯೆಂದು ಯಾರು ಯಾರಿಗೆ ಬರೆದಿದ್ದರೆಂದು ಕೇಳುತ್ತಿದ್ದರು. ಆಗ ಟಪಾಲಪ್ಪನ ದಿನ ಬರುತ್ತಿತ್ತು.

ಅವನ ಪರದೆಯ ಮೇಲೆ ಚಿತ್ರವಿಲ್ಲ, ಒತ್ತಲು ಗುಂಡಿಯಿಲ್ಲ. ಕಪ್ಪು ಕಿಟಕಿಯೊಂದು, ಅದರೊಳಗೆ ಮಿಣುಕುವ ಒಂದು ಗೆರೆ, ಅಷ್ಟೆ. ಅಲ್ಲಿ ಅವನು ಕಮಾಂಡ್ ಬರೆಯುತ್ತಿದ್ದ. ಇಂಥವರಿಂದ ಬಂದದ್ದು, ಇಂಥ ತಿಂಗಳ ಈಚಿನದು, 'ಹಗ್ಗ' ಎಂಬ ಪದ ಇರಬೇಕು, 'ರಜೆ' ಎಂಬ ಪದ ಇರಬಾರದು. ಎಂಟರ್ ಒತ್ತಿ ಬೆರಳು ಎತ್ತುವಷ್ಟರಲ್ಲಿ ಲಕ್ಷಗಟ್ಟಲೆ ಟಪಾಲಿನೊಳಗಿಂದ ಬೇಕಾದ ನಾಲ್ಕು ಸಾಲು ಎದ್ದು ಬಂದು ನಿಲ್ಲುತ್ತಿದ್ದವು. ಕೇಳಲು ಬಂದವರು ಹುಬ್ಬೇರಿಸಿದರೆ ಅವನು ಕನ್ನಡಕ ಒರೆಸಿಕೊಳ್ಳುತ್ತ ಏನೂ ಆಗದವನಂತೆ ಕೂತಿರುತ್ತಿದ್ದ. ಜಂಬ ಬೇಕಾದಷ್ಟಿತ್ತು. ಇದ್ದರೇನು, ಆ ಕೆಲಸದಲ್ಲಿ ಅವನದು ಎತ್ತಿದ ಕೈ, ಸುಳ್ಳು ಹೇಳಬಾರದು.

ಅದರ ಹಿಂದಿನ ಗುಟ್ಟು ಓರಣ. ಬಂದ ಪ್ರತಿ ಮೇಲ್‌ಗೂ ಅವನು ಟ್ಯಾಗ್ ಹಚ್ಚುತ್ತಿದ್ದ, ಡಬ್ಬಿಗೆ ಚೀಟಿ ಅಂಟಿಸಿದಂತೆ. ಒಂದೇ ಮೇಲ್‌ನ ಎರಡು ಪ್ರತಿ ಇದ್ದರೆ ಒಂದನ್ನು ತೆಗೆಯುತ್ತಿದ್ದ. ಎಲ್ಲ ಮುಗಿದ ಮೇಲೆ ಇನ್‌ಬಾಕ್ಸ್‌ನಿಂದ ಅಷ್ಟನ್ನೂ ಎತ್ತಿ ಸಂಗ್ರಹಕ್ಕೆ ಸಾಗಿಸುತ್ತಿದ್ದ. "ಇನ್‌ಬಾಕ್ಸ್ ಅಂದ್ರೆ ಹೊಸ್ತಿಲು ಕಣ್ರಯ್ಯಾ, ಅಲ್ಲಿ ಯಾರನ್ನೂ ಕೂರಿಸಬಾರದು" ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದ. ಖಾಲಿ ಇನ್‌ಬಾಕ್ಸ್ ನೋಡಿದರೆ ಅವನಿಗೆ ಸ್ನಾನ ಮಾಡಿ ಬಂದಷ್ಟು ಹಾಯೆನಿಸುತ್ತಿತ್ತು.

ಇಂಥವನನ್ನು ಕಟ್ಟಿಕೊಂಡವಳ ಇನ್‌ಬಾಕ್ಸ್ ಹೇಗಿತ್ತೆಂದರೆ, ದೇವರೇ ಗತಿ.

ಅವಳು ಹೆರಿಗೆ ವಾರ್ಡಿನ ನರ್ಸು. ಕೇರಿಗೆ ಕೇರಿಯೇ ಅವಳನ್ನು ಸಿಸ್ಟರ್ ಎನ್ನುತ್ತಿತ್ತು, ಹಾಲಿನವನೂ ಸಿಸ್ಟರ್, ಮನೆ ಮಾಲೀಕನೂ ಸಿಸ್ಟರ್. ಗಂಡ ಮಾತ್ರ ಹಾಗೆನ್ನುವಂತಿರಲಿಲ್ಲವಾಗಿ "ಏ ಇವಳೇ" ಎಂದೇ ಕಾಲ ಹಾಕಿದ. ಬಾಣಂತಿ ಮಗು ಎತ್ತಿಕೊಂಡು ಮನೆಗೆ ಹೊರಟಾಗ ಸಿಸ್ಟರ್ ಅವಳ ಕೈಗೆ ತನ್ನ ಇಮೇಲ್ ವಿಳಾಸ ಬರೆದ ಚೀಟಿ ತುರುಕುತ್ತಿದ್ದಳು. "ಹುಟ್ಟಿದ ದಿನಕ್ಕೆ ಒಂದು ಫೋಟೋ ಕಳಿಸಮ್ಮ, ನಂಗೆ ಬೇರೇನೂ ಬೇಡ." ಹತ್ತರಲ್ಲಿ ಒಬ್ಬರಾದರೂ ಮರೆಯದೆ ಕಳಿಸುತ್ತಿದ್ದರು. ಅವಳು ವಾರ್ಡಿನಲ್ಲಿ ಕಳೆದ ವರ್ಷಗಳಿಗೆ ಅಷ್ಟೇ ಸಾಕಾಗಿ, ದಿನವೂ ಯಾರದೋ ಹುಟ್ಟಿದ ದಿನವಾಗಿರುತ್ತಿತ್ತು. ಸ್ವಂತ ಮಕ್ಕಳಾಗಲಿಲ್ಲ ಎಂಬ ಸಂಗತಿಯನ್ನು ಗಂಡಹೆಂಡಿರು ವಯಸ್ಸಿನಲ್ಲೇ ಅತ್ತು, ಜಗಳವಾಡಿ, ಮಾತಾಡಿ ಮುಗಿಸಿದ್ದರು. ಈ ಫೋಟೋಗಳು ಆ ಜಾಗಕ್ಕೆ ಬಂದವೆಂದು ಅವರಿಬ್ಬರೂ ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಬೆಳಿಗ್ಗೆ ಚಹಾ ಲೋಟ ಹಿಡಿದು ಅವಳು ಕಂಪ್ಯೂಟರ್ ಮುಂದೆ ಕೂತಳೆಂದರೆ ಅದೊಂದು ವಾರ್ಡಿನ ಸುತ್ತು. ಮೇಲಿನಿಂದ ಕೆಳಕ್ಕೆ ಜರುಗಿಸುತ್ತ ಹೋಗುವಳು. ಕರೆಂಟ್ ಬಿಲ್ಲು, ಅದರ ಕೆಳಗೆ ಹಲ್ಲು ಬಿದ್ದ ಹುಡುಗಿ, ಅದರ ಕೆಳಗೆ ಹಾಸಿಗೆ ಮಾರುವವರ ಜಾಹೀರಾತು, ಅದರ ಕೆಳಗೆ ಮೀಸೆ ಚಿಗುರಿದ ಹುಡುಗ. "ಓಹೋ, ದೊಡ್ಡ ಮನುಷ್ಯ ಆಗ್ಬಿಟ್ಯಾ! ನೀನು ಹುಟ್ಟೋವಾಗ ನನ್ನ ಏಪ್ರನ್ ಎಲ್ಲ ಹಾಳು ಮಾಡಿದ್ದೆ ಗೊತ್ತಾ?" ಎಂದು ಪರದೆಯನ್ನು ಗದರುವಳು. ಟಪಾಲಪ್ಪನಿಗೆ ಈ ಕಲಸುಮೇಲೋಗರ ಕಂಡು ಮೈಯೆಲ್ಲ ಉರಿಯುತ್ತಿತ್ತು. "ಅರ್ಧ ದಿನ ಕೊಡು, ಚೊಕ್ಕ ಮಾಡಿಬಿಡ್ತೀನಿ" ಎನ್ನುವನು. "ನಿಮ್ಮ ಚೊಕ್ಕ ನಿಮ್ಮ ಆಫೀಸಲ್ಲಿಟ್ಕೊಳ್ಳಿ ರೀ, ಮಕ್ಕಳಿರೋ ಮನೆ ಹೀಗೇ ಇರೋದು" ಎಂದು ಅವಳು ಅವನ ಬಾಯಿ ಮುಚ್ಚಿಸುವಳು.

ಆಮೇಲೆ ಅವಳಿಗೆ ಮರೆವು ಶುರುವಾಯಿತು. ವಯಸ್ಸಾದವರಿಗೆ ಬರುವ, ನಗೆಯಾಡಿ ತಳ್ಳಿಹಾಕಬಹುದಾದ ಮರೆವಲ್ಲ. ಮೊದಲು ಬಸ್ಸಿನ ನಂಬರ್ ಹೋಯಿತು. ಆಮೇಲೆ ಒಲೆಯ ಮೇಲಿಟ್ಟ ಪಾತ್ರೆ. ಒಂದು ದಿನ ವಾರ್ಡಿನಲ್ಲಿ ಒಬ್ಬ ಹೆಂಗಸಿಗೆ ಅದೇ ಇಂಜೆಕ್ಷನ್ನನ್ನು ಎರಡನೇ ಸಲ ಕೊಡಲು ಹೋದಾಗ ಪಕ್ಕದವರು ಕೈ ಹಿಡಿದರು. ಅದೇ ಅವಳ ಕೊನೆಯ ಡ್ಯೂಟಿ. ಮನೆಗೆ ಬಂದವಳು ಸಮವಸ್ತ್ರವನ್ನು ಒಗೆದು ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟು, ಮರುದಿನ ಮತ್ತೆ ಅದನ್ನು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. "ಇದು ವಾಸಿ ಆಗೋದಲ್ಲ. ನಿಧಾನ ಮಾಡಬಹುದು ಅಷ್ಟೇ. ದಿನಾ ಬೆಳಿಗ್ಗೆ ಏನು ಮಾಡ್ತಾರೆ?"

"ಮಕ್ಕಳ ಫೋಟೋ ನೋಡ್ತಾಳೆ."

"ಅದನ್ನ ತಪ್ಪಿಸಬೇಡಿ. ಅವರು ಈಗ ಹಿಡ್ಕೊಂಡಿರೋದು ಅದನ್ನೇ. ಅದು ಇರೋವರೆಗೂ ಅವರು ಅವರಾಗಿರ್ತಾರೆ."

ಡಾಕ್ಟರು ಹೇಳಿದ್ದು ನಿಜವೇ ಆಗಿತ್ತು. ಒಡಹುಟ್ಟಿದ ತಂಗಿಯ ಹೆಸರಿಗೆ ಅವಳು ತಡಕಾಡುತ್ತಿದ್ದಳು, ಆದರೆ ಯಾವ ಮಗು ಕಾಲು ಮುಂದಾಗಿ ಬಂತು, ಯಾವುದು ಹುಟ್ಟಿದೊಡನೆ ಅಳದೆ ಎಲ್ಲರ ಜೀವ ಹಿಂಡಿತು ಎಂಬುದು ನಾಲಿಗೆಯ ತುದಿಯಲ್ಲಿತ್ತು. ಕಷ್ಟ ಬೇರೆಯದು. ಈಗ ಅವಳಿಗೆ ಬೇಕಾದ ಮಗು ಬೇಕಾದಾಗ ಸಿಗುತ್ತಿರಲಿಲ್ಲ. "ಆ ಅವಳಿಗಳು ಎಲ್ಲಿ ಹೋದ್ವು ರೀ?" ಎಂದು ಜರುಗಿಸಲು ತೊಡಗಿ, ಹಿಂದೆ ಹೋಗಿ, ಮುಂದೆ ಬಂದು, ಯಾವುದನ್ನು ಹುಡುಕುತ್ತಿದ್ದೆನೆಂದು ಮರೆತು, ಮೌಸ್ ಬಿಟ್ಟು ಕಣ್ಣು ತುಂಬಿಕೊಳ್ಳುತ್ತಿದ್ದಳು. ಊರವರ ಟಪಾಲನ್ನೆಲ್ಲ ಕಣ್ಣು ಮುಚ್ಚಿ ಹುಡುಕಿಕೊಟ್ಟವನು ಹೆಂಡತಿಯ ಎರಡು ಮಕ್ಕಳನ್ನು ಹುಡುಕಿಕೊಡಲಾರನೇ?

ಅವನು ರಜೆ ಹಾಕಿ ಕೈತೊಳೆದುಕೊಂಡು ಆ ಕೆಲಸದ ಬೆನ್ನು ಹತ್ತಿದ. ಅವಳ ಮೇಲ್‌ಗಳನ್ನೆಲ್ಲ ತನ್ನ ಯಂತ್ರಕ್ಕೆ ಇಳಿಸಿಕೊಂಡ, ಇಲ್ಲಿ ಬದಲಾದದ್ದು ಅವಳ ಇನ್‌ಬಾಕ್ಸಿನಲ್ಲೂ ಬದಲಾಗುವ ಹಾಗೆ. ಮೊದಲು ಎಲ್ಲದರ ಒಂದು ಬ್ಯಾಕಪ್ ಪ್ರತಿ ತೆಗೆದಿಟ್ಟ. ಅದಿಲ್ಲದೆ ಅವನು ನೀರೂ ಕುಡಿಯುವವನಲ್ಲ. ಬಿಲ್ಲು, ಜಾಹೀರಾತುಗಳನ್ನು ಒಂದೇ ಕಮಾಂಡಿನಲ್ಲಿ ಪಕ್ಕಕ್ಕೆ ಸರಿಸಿದ. ಉಳಿದದ್ದು ಬರೀ ಮಕ್ಕಳು. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ತೆರೆದು, "ಇದು ಯಾರು ಹೇಳು?" ಎಂದು ಕೇಳುತ್ತ ಹೋದ. ಅವಳು ಹೇಳಿದ್ದನ್ನೇ ಟ್ಯಾಗ್ ಮಾಡಿದ. ಕಾಲು ಮುಂದು. ಕರೆಂಟ್ ಹೋದಾಗ. ಅಪ್ಪ ಮೂರ್ಛೆ ಹೋದ. ಲಿಫ್ಟಲ್ಲೇ ಆಗಿಹೋಯ್ತು.

"ನಮ್ಮ ಕಂಪನಿ ಲಿಫ್ಟಾ ಅದು?" ಎಂದು ಅವನು ಕೇಳಿದರೆ, "ಹೂಂ ಮತ್ತೆ, ನಿಮ್ಮದೇ. ಅರ್ಧ ದಾರೀಲಿ ನಿಂತ್ಕೊಳ್ತು. ಅದು ನಿಂತಿದ್ದಕ್ಕೇ ಮಗು ಬದುಕಿದ್ದು, ಇಲ್ದಿದ್ರೆ ಮೇಲಿನ ಡಾಕ್ಟರ್ ಕೈಗೆ ಸಿಕ್ತಿತ್ತು" ಎಂದು ಹೊಟ್ಟೆ ಹಿಡಿದು ನಗುವಳು.

ಆ ವಾರಗಳು ಬಂಗಾರದಂಥವು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳ ದಿನಗಳಲ್ಲಿ ಏನೇನು ತುಂಬಿತ್ತೆಂದು ಅವನು ಕೇಳಿರಲೇ ಇಲ್ಲ. ಈಗ ಕೇಳಿದ, ಬೆರಗಾದ. ಭಾನುವಾರಗಳಲ್ಲಿ ಬರುತ್ತಿದ್ದ ನಾದಿನಿ ಬಾಗಿಲಲ್ಲಿ ನಿಂತು, "ಭಾವ, ಅಕ್ಕನ ಮುಖ ನೋಡಿ, ಎಷ್ಟು ದಿನ ಆಗಿತ್ತು ಹೀಗೆ ನಕ್ಕು" ಎಂದಳು. ಅವನು ಈಗ 'ಅವಳಿ' ಎಂದು ಬರೆದು ಎಂಟರ್ ಒತ್ತಿದರೆ ಅವಳಿಗಳು ಬಂದು ನಿಲ್ಲುತ್ತಿದ್ದವು. ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಇಲ್ಲಿಗೆ ಅವನು ನಿಲ್ಲಿಸಿಬಿಟ್ಟಿದ್ದರೆ ಈ ಕಥೆ ಹೇಳುವ ಕರ್ಮ ಯಾರಿಗೂ ಬರುತ್ತಿರಲಿಲ್ಲ.

ಆದರೆ ಟಪಾಲಪ್ಪನಿಗೆ ಮುಗಿದ ಕೆಲಸವನ್ನು ಮುಗಿಸದೆ ಬಿಟ್ಟು ಗೊತ್ತಿಲ್ಲ. ಕೊನೆಯ ಮಗುವಿಗೂ ಟ್ಯಾಗ್ ಹಚ್ಚಿದ ಮಧ್ಯಾಹ್ನ ಅವಳು ಊಟ ಮಾಡಿ ಮಲಗಿದ್ದಳು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡ. ಬೆರಳುಗಳು ತಮ್ಮಷ್ಟಕ್ಕೆ ತಾವೇ, ಆಫೀಸಿನಲ್ಲಿ ಸಾವಿರ ಸಲ ಬರೆದ ಆ ಕೊನೆಯ ಸಾಲನ್ನು ಬರೆದವು: ಟ್ಯಾಗ್ ಆದದ್ದನ್ನೆಲ್ಲ ಸಂಗ್ರಹಕ್ಕೆ ಸಾಗಿಸು, ಇನ್‌ಬಾಕ್ಸ್ ತೆರವು ಮಾಡು. ಎಂಟರ್. ಅವಳ ಕಂಪ್ಯೂಟರಿನಲ್ಲಿ ಇನ್‌ಬಾಕ್ಸ್ ತೆರೆದು ನೋಡಿದ. ಅಚ್ಚ ಬಿಳಿ. ಒಂದು ಕಸವಿಲ್ಲ, ಕಡ್ಡಿಯಿಲ್ಲ. ಅವನು ತೃಪ್ತಿಯಿಂದ ಒಂದು ಲೋಟ ಚಹಾ ಮಾಡಿಕೊಂಡು ಕುಡಿದ. ಅಯ್ಯೋ ಜಾಣ! ಆ ಹೆಂಗಸು ಹುಡುಕುವುದು ನಿನ್ನ ಕಪ್ಪು ಕಿಟಕಿಯಲ್ಲಲ್ಲವೋ, ಅವಳು ಕೂರುವುದು ಹೊಸ್ತಿಲಲ್ಲೇ ಎಂದು ಕೂಗಿ ಹೇಳಲು ಆ ಹೊತ್ತಿಗೆ ಮನೆಯಲ್ಲಿ ಬೇರೊಂದು ನರಪಿಳ್ಳೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಬಚ್ಚಲಿನಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಅವಳು ಬಂದು ಬಾಗಿಲಿಗೊರಗಿ ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ.

"ರೀ, ಎಲ್ಲಾ ಮಕ್ಕಳೂ ಹೋದ್ವಾ?"

"ಎಲ್ಲಿಗೆ?" ಎಂದ, ಕೆನ್ನೆಯ ನೊರೆ ತೆಗೆಯುತ್ತ.

"ಒಂದೂ ಇಲ್ಲ. ಒಂದು ಮಗೂನೂ ಇಲ್ಲ. ಎಲ್ಲಾ ಹೋದ್ವು."

ಹೆರಿಗೆ ವಾರ್ಡಿನಲ್ಲಿ ಬೆಳಿಗ್ಗೆ ಡ್ಯೂಟಿಗೆ ಬಂದ ನರ್ಸು, ನಿನ್ನೆ ಮಗುವಿದ್ದ ತೊಟ್ಟಿಲು ಖಾಲಿಯಾಗಿರುವುದನ್ನು ಕಂಡರೆ ಏನೆಂದುಕೊಳ್ಳುತ್ತಾಳೆ? ಮನೆಗೆ ಕಳಿಸಲು ಇನ್ನೂ ದಿನವಿದೆ, ಯಾರೂ ಏನೂ ಹೇಳುತ್ತಿಲ್ಲ, ತೊಟ್ಟಿಲಲ್ಲಿ ಮಗುವಿಲ್ಲ. ಅದಕ್ಕೆ ಒಂದೇ ಅರ್ಥ. ಅವಳು ಜೀವಮಾನವೆಲ್ಲ ಕಲಿತದ್ದನ್ನೇ ಆ ಬಿಳಿ ಹಾಳೆಯಲ್ಲಿ ಓದಿಕೊಂಡಿದ್ದಳು. ಟಪಾಲಪ್ಪ ಅರ್ಧ ಹೆರೆದ ಮುಖದಲ್ಲೇ ಓಡಿ ಕಂಪ್ಯೂಟರ್ ಮುಂದೆ ಕೂತ.

ಬ್ಯಾಕಪ್ ಇತ್ತಲ್ಲ. ಅವಳ ಚಹಾ ಆರುವ ಮೊದಲೇ ಎಲ್ಲವನ್ನೂ ಇದ್ದ ಹಾಗೇ ತಂದಿಟ್ಟ. ಅದೇ ಕರೆಂಟ್ ಬಿಲ್ಲು, ಅದರ ಕೆಳಗೆ ಅದೇ ಹಲ್ಲು ಬಿದ್ದ ಹುಡುಗಿ, ಅದೇ ಹಾಸಿಗೆಯ ಜಾಹೀರಾತು. ಒಂದು ಕೂದಲೆಳೆ ಆಚೀಚೆ ಇರಲಿಲ್ಲ. "ನೋಡೇ, ಎಲ್ಲಾ ಇದಾರೆ. ನಾನೇ ಕಣೇ, ನಾನೇ ಒಳಗಡೆ ಇಟ್ಟಿದ್ದೆ. ನನ್ನದೇ ತಪ್ಪು."

ಅವಳು ಕೂತಳು. ಮೆಲ್ಲಗೆ ಜರುಗಿಸಿದಳು. ಹಲ್ಲು ಬಿದ್ದ ಹುಡುಗಿಯ ಮುಖದ ಮೇಲೆ ಬೆರಳಾಡಿಸಿದಳು.

"ಪಾಪ, ಎಷ್ಟು ಲಕ್ಷಣವಾಗಿತ್ತು ಮಗು."

"ಇದೆ ಕಣೇ! ಇದು ಈ ವರ್ಷ ಬಂದದ್ದು, ತಾರೀಖು ನೋಡು."

"ಹೋಗೋಕೆ ಮುಂಚೆ ತೆಗೆಸಿರಬೇಕು" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ತಲೆ ಮೇಲೆ ಕೈಹೊತ್ತು ಕೂತ. ಆದರೂ ಒಂದು ಆಸೆಯಿತ್ತು. ಹೇಗೂ ಎಲ್ಲವನ್ನೂ ಮರೆಯುತ್ತಾಳೆ, ತಿಂಡಿ ತಿಂದದ್ದನ್ನೇ ಮರೆಯುತ್ತಾಳೆ, ಇದನ್ನೂ ಮರೆತಾಳು. ಒಬ್ಬ ಗಂಡ ತನ್ನ ಹೆಂಡತಿಯ ಮರೆವಿಗಾಗಿ ಕಾಯುತ್ತ ಕೂರುವುದಿದೆಯಲ್ಲ, ಅಂಥ ದರಿದ್ರ ಸ್ಥಿತಿ ಶತ್ರುವಿಗೂ ಬೇಡ. ಮರುದಿನ ಎದ್ದಳು. ಇದು ಯಾವ ತಿಂಗಳೆಂದು ಅವಳಿಗೆ ತಿಳಿಯಲಿಲ್ಲ, ಚಪ್ಪಲಿ ಎಡ ಬಲ ತಿಳಿಯಲಿಲ್ಲ. "ಆ ಮಕ್ಕಳೆಲ್ಲ ಹೋಗ್ಬಿಟ್ವಲ್ಲ ರೀ" ಎಂಬುದೊಂದು ಮಾತ್ರ ತಿಳಿದಿತ್ತು. ಅದರ ಮರುದಿನವೂ ಅಷ್ಟೆ.

ಡಾಕ್ಟರು ನಡೆದದ್ದನ್ನೆಲ್ಲ ಕೇಳಿಸಿಕೊಂಡರು. "ವಿಷಯ ಮರೀತಾರೆ. ಸಂಕಟ ಮರೆಯಲ್ಲ. ಅದು ಬೇರೆ ಕಡೆ ಕೂತ್ಕೊಳ್ಳುತ್ತೆ."

"ತೆಗೆಯೋಕಾಗಲ್ವಾ?"

ಡಾಕ್ಟರು ಗುಳಿಗೆ ಬರೆದುಕೊಟ್ಟರು.

ನಾದಿನಿ ಒಂದು ಉಪಾಯ ಮಾಡಿದಳು. ಕರೆಂಟ್ ಹೋದಾಗ ಹುಟ್ಟಿದ ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಳು, ನಾಲ್ಕು ಬೀದಿ ಆಚೆಗೇ ಮನೆ. ಅವಳನ್ನೇ ಕರೆದುಕೊಂಡು ಬಂದಳು. ಜೀವಂತ ಮಗು ಕಣ್ಣೆದುರಿಗೆ ಬಂದು ಕೂತರೆ ಇನ್ನೇನು ಬೇಕು? ಹುಡುಗಿ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಬಂದು ಮಂಚದ ತುದಿಗೆ ಕೂತು, "ಸಿಸ್ಟರ್, ನಾನೇ, ಮೇಣದ ಬತ್ತಿ ಬೆಳಕಲ್ಲಿ ಹುಟ್ಟಿದೋಳು. ಅಮ್ಮ ಯಾವಾಗ್ಲೂ ಹೇಳ್ತಿರ್ತಾರೆ" ಎಂದಳು.

ಸಿಸ್ಟರ್ ಅವಳ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಅವಳು ಹುಡುಗಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು.

"ಅಕ್ಕನಾ ನೀನು? ಅದೇ ಮುಖ ಇದೆ ನಿಂಗೂ. ಆ ಮಗು ನಂಗೆ ಚೆನ್ನಾಗಿ ಗೊತ್ತಮ್ಮ, ನನ್ನ ಕೈಯಲ್ಲೇ ಹುಟ್ಟಿದ್ದು. ಅಮ್ಮನ್ನ ಚೆನ್ನಾಗಿ ನೋಡ್ಕೋ. ಈಗ ಅವಳಿಗೆ ನೀನೊಬ್ಬಳೇ."

ಹುಡುಗಿ ತಲೆಯಾಡಿಸಿದಳು. ಮೆಟ್ಟಿಲಿಳಿಯುವಾಗ ಅರ್ಧದಲ್ಲೇ ನಿಂತು ಗೋಡೆಗೆ ಮುಖ ಮಾಡಿ ಅತ್ತಳು. ನಾದಿನಿ ಮತ್ತೆ ಯಾರನ್ನೂ ಕರೆತರುವ ಮಾತೆತ್ತಲಿಲ್ಲ.

ಅದಾದ ವಾರಕ್ಕೇ ಒಬ್ಬ ತಾಯಿಯ ಫೋನು ಬಂತು. "ಸರ್, ಸಿಸ್ಟರ್ ಒಂದು ಮೇಲ್ ಕಳಿಸಿದಾರೆ. ನಿಮ್ಮ ಮಗ ಹೋದದ್ದು ತಿಳೀತು, ಧೈರ್ಯ ತಗೋಮ್ಮ ಅಂತ. ನನ್ನ ಮಗ ಸ್ಕೂಲಿಗೆ ಹೋಗಿದಾನೆ ಸರ್. ಓದ್ತಿದ್ದ ಹಾಗೇ ಕೈಕಾಲೆಲ್ಲ ತಣ್ಣಗಾಗೋಯ್ತು, ಸ್ಕೂಲ್ ತನಕ ಓಡಿ ಹೋಗಿ ನೋಡ್ಕೊಂಡು ಬಂದೆ." ಟಪಾಲಪ್ಪ ನಿಂತಲ್ಲೇ ಕೈಮುಗಿದು, ಕಾಣದ ಆ ಹೆಂಗಸಿನ ಕ್ಷಮೆ ಕೇಳಿದ. ಆಮೇಲೆ ಹೋಗಿ ನೋಡಿದರೆ ಒಂದಲ್ಲ, ಹಲವು ಹೋಗಿದ್ದವು. ಅವನು ಅಡುಗೆಮನೆಯಲ್ಲಿದ್ದಾಗ ಅವಳು ಒಂದೊಂದೇ ಬೆರಳಲ್ಲಿ ಅಕ್ಷರ ಹುಡುಕಿ, ಒಬ್ಬೊಬ್ಬ ತಾಯಿಗೂ ಬೇರೆ ಬೇರೆಯಾಗಿ ಬರೆದಿದ್ದಳು. ಯಾವ ಮಗುವನ್ನೂ ಇನ್ನೊಂದರ ಜೊತೆ ಕಲಸಿರಲಿಲ್ಲ. ಅಷ್ಟು ನೆನಪು ಅವಳಲ್ಲಿ ಇನ್ನೂ ಇತ್ತು. ಅದೆಲ್ಲ ಈಗ ಈ ಕೆಲಸಕ್ಕೆ ಬರುತ್ತಿತ್ತು.

ಅವನು ಕಪ್ಪು ಕಿಟಕಿ ತೆರೆದು ಒಂದು ನಿಯಮ ಬರೆದ. ಈ ಮನೆಯಿಂದ ಅವಳು ಕಳಿಸಿದ ಯಾವುದೂ ಹೊರಗೆ ಹೋಗಕೂಡದು, ಪಕ್ಕದ ಒಂದು ಕಡತಕ್ಕೆ ಹೋಗಿ ಬೀಳಬೇಕು. ಅಲ್ಲಿಗೆ ನಿಲ್ಲಲಿಲ್ಲ. ಹುಟ್ಟಿದ ದಿನದ ಫೋಟೋಗಳು ಬರುತ್ತಲೇ ಇದ್ದವು, ಪ್ರತಿಯೊಂದು ಹೊಸ ಫೋಟೋ ಅವಳಿಗೆ ಹೊಸದೊಂದು ಸಾವು. "ಅಯ್ಯೋ, ಇದೂ ಹೋಯ್ತಾ?" ಎಂದು ಮೊದಲಿಂದ ಶುರು. ಊಟ ಬಿಡುವಳು, ಗೋಡೆಗೆ ಹಣೆ ಹಚ್ಚಿ ಕೂರುವಳು. ಅವನು ತಾಯಂದಿರಿಗೆ ಬರೆದು ನೋಡಿದ, ದಯವಿಟ್ಟು ಕಳಿಸಬೇಡಿ ಎಂದು. ಕೆಲವರು ನಿಲ್ಲಿಸಿದರು. ಕೆಲವರು, ಸಿಸ್ಟರ್‌ಗೆ ಹುಷಾರಿಲ್ಲ ಎಂದು ತಿಳಿದು ಪ್ರೀತಿಯಿಂದ ಹೆಚ್ಚೇ ಕಳಿಸಿದರು. ಕೊನೆಗೆ ಒಂದು ದಿನ ಅವನು ಎರಡನೇ ನಿಯಮವನ್ನೂ ಬರೆದ. ಬಂದದ್ದೆಲ್ಲ ನೇರ ಸಂಗ್ರಹಕ್ಕೆ, ಇನ್‌ಬಾಕ್ಸಿಗೆ ಯಾವುದೂ ಬರಕೂಡದು. ಹಳೆಯವನ್ನೂ ಒಳಗೆ ಸಾಗಿಸಿದ. ಈ ಸಲ ಬೆರಳು ತಾನಾಗಿ ಬರೆಯಲಿಲ್ಲ. ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಒತ್ತಿದ.

ವಿಷಯ ತಿಳಿದ ನಾದಿನಿ ಬಾಯಿಗೆ ಬಂದಂತೆ ಬೈದಳು. "ಭಾವ, ಮೊದಲನೇ ಸಲ ಗೊತ್ತಿಲ್ದೆ ಮಾಡಿದ್ರಿ, ಸರಿ. ಈಗ ಗೊತ್ತಿದ್ದೂ ಮಾಡ್ತಿದೀರಲ್ಲ! ಅಷ್ಟು ಜನ ಅವಳನ್ನ ನೆನೆಸ್ಕೊಂಡು ಬರೀತಿದಾರೆ. ಅವಳಿಗೆ ಮಾತ್ರ ಯಾರೂ ಇಲ್ಲ ಅನ್ನೋ ಹಾಗೆ ಮಾಡ್ಬಿಟ್ರಿ."

"ಇನ್ನೇನು ಮಾಡ್ಲಿ ಹೇಳಮ್ಮ. ನೀನು ಹೇಳು, ಹಾಗೇ ಮಾಡ್ತೀನಿ."

ನಾದಿನಿ ಬೈಯುವುದನ್ನು ಬಿಟ್ಟು, ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದೇ ಒರೆಸಿ ಗೂಡಿನಲ್ಲಿಡತೊಡಗಿದಳು.

ಈಗಲೂ ಹೊಸ ಫೋಟೋಗಳು ಬಂದಾಗ ಅವನು ಕಪ್ಪು ಕಿಟಕಿಯಿಂದ ಹುಡುಕಿ ತೆಗೆದು ನೋಡುತ್ತಾನೆ. ಅಂಗಡಿ ಹಾಕಿದವನೊಬ್ಬ, ಮೊದಲ ಸಲ ಕನ್ನಡಕ ಹಾಕಿಕೊಂಡವಳೊಬ್ಬಳು. ಟ್ಯಾಗ್ ಮಾಡಲು ಹೊರಡುತ್ತಾನೆ. ಈ ಮಗು ಹೇಗೆ ಹುಟ್ಟಿತು, ಆ ದಿನ ಏನಾಯಿತು, ಅವನಿಗೇನು ಗೊತ್ತು? ಕೇಳಬೇಕಾದವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ, ಕೇಳುವಂತಿಲ್ಲ. ಏನೂ ಬರೆಯದೆ ಮುಚ್ಚುತ್ತಾನೆ.

ಅವಳು ಬೆಳಗಿನ ಸುತ್ತು ಮಾತ್ರ ಬಿಟ್ಟಿಲ್ಲ. ಚಹಾ ಲೋಟ ಹಿಡಿದು ಬಿಳಿ ಪರದೆಯ ಮುಂದೆ ಕೂರುತ್ತಾಳೆ. ಈಗ ಅಳುವುದಿಲ್ಲ. ಅತ್ತು ಮುಗಿದ ಮನೆಯಲ್ಲಿ ಹಿರಿಯರು ಕೂರುವ ಹಾಗೆ ಕೈಕಟ್ಟಿಕೊಂಡು ಕೂತಿರುತ್ತಾಳೆ. ಮೊನ್ನೆ ಅವನು ಹಿಂದಿನಿಂದ ಬಂದು ಅವಳ ಹೆಗಲ ಮೇಲೆ ಶಾಲು ಹೊದಿಸಿದ.

"ರೀ, ನಾನು ಬರೆದಿದ್ದಕ್ಕೆ ಯಾರಾದ್ರೂ ಉತ್ತರ ಬರೆದ್ರಾ?"

ಪಕ್ಕದ ಕಡತದಲ್ಲಿ ಅವಳು ಬರೆದದ್ದೆಲ್ಲ ಬಿದ್ದಿತ್ತು. "ಇನ್ನೂ ಇಲ್ಲ ಕಣೇ" ಎಂದ.

"ಬರೀತಾರೆ ಬಿಡಿ. ಮಕ್ಕಳನ್ನ ಕಳ್ಕೊಂಡೋರು, ಸುಧಾರಿಸ್ಕೊಳ್ಳೋಕೆ ಹೊತ್ತು ಬೇಕು." ಅವಳು ತಿರುಗಿ ಅವನ ಮುಖ ನೋಡಿದಳು. ಲೋಟ ಕೆಳಗಿಟ್ಟು, ಎದ್ದು, ಹೆರಿಗೆ ಕೋಣೆಯ ಹೊರಗೆ ಕಾದು ಕೂತ ಗಂಡಸರನ್ನು ಸಮಾಧಾನ ಮಾಡುತ್ತಿದ್ದ ಆ ದನಿಯಲ್ಲಿ, ಅವನ ಬೆನ್ನು ಸವರುತ್ತ ಕೇಳಿದಳು.

"ಯಾಕಪ್ಪಾ ಅಳ್ತಿದೀರಿ? ನಿಮಗೆ ಯಾರು ಹೋದ್ರು?"